ಹಾಸು ಇದೆ, ಹೊಕ್ಕು ಎಲ್ಲಿ?

ಪ್ರಶ್ನೆ: ನನಗೆ 41 ವರ್ಷ. ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮೂರು ತಲೆಮಾರಿನಿಂದ ನಮ್ಮದು ಮೆಥೊಡಿಸ್ಟ್ ಕುಟುಂಬ. ಚಿಕ್ಕಂದಿನಲ್ಲಿ ಸತ್ಯವೇದದ ರಸಪ್ರಶ್ನೆ ನಡೆದಾಗಲೆಲ್ಲ ಮೊದಲ ಬಹುಮಾನ ನನಗೇ ಬರುತ್ತಿತ್ತು. ಒಂಬತ್ತು ವರ್ಷಗಳಿಂದ ಭಾನುವಾರ ಶಾಲೆಯ ಮೇಲ್ವಿಚಾರಕನಾಗಿದ್ದೇನೆ. ಯೇಸು ಸತ್ತು ಎದ್ದನೆಂಬುದನ್ನು ಒಪ್ಪುತ್ತೇನೆ, ಏಕೆ ಒಪ್ಪುತ್ತೇನೆಂದು ಕಾರಣಗಳನ್ನೂ ಕೊಡಬಲ್ಲೆ. ಆದರೆ ಒಳಗೆ ಏನೂ ಆಗುವುದಿಲ್ಲ. ಉಜ್ಜೀವನ ಕೂಟದಲ್ಲಿ ಅಕ್ಕಪಕ್ಕದವರು ಕಣ್ಣೀರು ಹಾಕುತ್ತಿದ್ದರೆ ನಾನು ಮೇಲೆ ಎಷ್ಟು ಫ್ಯಾನುಗಳಿವೆ ಎಂದು ಎಣಿಸುತ್ತಿರುತ್ತೇನೆ. ಎರಡು ವರ್ಷದ ಹಿಂದೆ ತಂದೆ ತೀರಿಕೊಂಡರು. ಆಮೇಲೆ ಮನೆಯ ಪಾಲಿನ ಸಲುವಾಗಿ ಅಣ್ಣನಿಗೂ ನನಗೂ ಮಾತು ನಿಂತಿದೆ, ಅದು ಬೇರೆ ವಿಷಯ. ಮೊನ್ನೆ ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಹೆಂಡತಿ ಕೇಳಿದಳು: ‘ನೀವು ಪ್ರಾರ್ಥನೆ ಮಾಡುತ್ತೀರೋ, ವರದಿ ಓದುತ್ತೀರೋ?’ ಅಂದಿನಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ತಲೆಯಲ್ಲಿರುವುದನ್ನು ಎದೆಗೆ ಇಳಿಸಿಕೊಳ್ಳುವುದು ಹೇಗೆ?
– ಹೆಸರು ಬೇಡ, ಬೆಳಗಾವಿ

ಉತ್ತರ: ಮಾಸ್ತರರೇ, ಮೊದಲು ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಲವತ್ತು ವರ್ಷ ಸಭಾಪಾಲಕನಾಗಿ ದುಡಿದು, ನಡುವೆ ಕೆಲವು ವರ್ಷ ದೇವಶಾಸ್ತ್ರವನ್ನೂ ಕಲಿಸಿ, ಈಗ ಗುಳೇದಗುಡ್ಡದಲ್ಲಿ ಕುಳಿತಿರುವ ನನಗೆ ನಿಮ್ಮ ಕಾಯಿಲೆಯನ್ನು ಅಷ್ಟು ಚೊಕ್ಕವಾಗಿ ಹೇಳಲು ಬರುತ್ತಿರಲಿಲ್ಲ. ವರದಿ ಎಂದರೆ ಅಲ್ಲಿಲ್ಲದವರ ಬಗ್ಗೆ ಮೇಲಿನವರಿಗೆ ಒಪ್ಪಿಸುವ ಮಾತು. ಈ ಸಂಗತಿಗೆ ಮುಂದೆ ಬರುತ್ತೇನೆ.

ಅದಕ್ಕೂ ಮುನ್ನ ಒಂದು ವಿಚಾರಣೆ. ‘ಒಳಗೆ ಏನೂ ಆಗುವುದಿಲ್ಲ’ ಎಂದಿದ್ದೀರಿ. ಆಗದಿರುವುದು ಪ್ರಾರ್ಥನೆಯಲ್ಲಿ ಮಾತ್ರವೋ, ಎಲ್ಲದರಲ್ಲೂ ಹೀಗೆಯೋ? ಊಟ ರುಚಿಸುತ್ತದೆಯೇ? ತರಗತಿಯಲ್ಲಿ ಒಬ್ಬ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದರೆ ಖುಷಿಯಾಗುತ್ತದೆಯೇ? ತಂದೆ ಹೋದ ಮೇಲೆ ಇಡೀ ಬದುಕೇ ಬಣ್ಣಗೆಟ್ಟಿದ್ದರೆ, ನಿದ್ದೆ, ಹಸಿವು, ಉತ್ಸಾಹ ಮೂರೂ ಹೋಗಿದ್ದರೆ, ನನ್ನ ಉತ್ತರ ಓದುವುದಕ್ಕಿಂತ ಮೊದಲು ವೈದ್ಯರನ್ನು ಕಾಣಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡುತ್ತಾರೆ. ಖಿನ್ನತೆಯನ್ನು ಅಪನಂಬಿಕೆ ಎಂದು ತಿಳಿದು ವರ್ಷಗಟ್ಟಲೆ ಉಪವಾಸ ಮಾಡಿ ಸೊರಗಿದವರನ್ನು ನಾನು ಕಂಡಿದ್ದೇನೆ. ಆ ತಪ್ಪಿನಲ್ಲಿ ನಮ್ಮಂಥ ಉಪದೇಶಕರ ಪಾಲೂ ಇದೆ. ಫ್ಯಾನು ಎಣಿಸಿದ್ದನ್ನು ನೀವು ಬರೆದಿರುವ ರೀತಿ ನೋಡಿದರೆ ನಗು ಇನ್ನೂ ಉಳಿದಿದೆ ಎನಿಸುತ್ತದೆ. ಹಾಗಾಗಿ ಧೈರ್ಯದಿಂದ ಮುಂದೆ ಹೋಗುತ್ತೇನೆ.

ತಲೆ ಮೇಲಿದೆ, ಎದೆ ಕೆಳಗಿದೆ, ಮೇಲಿನ ಟಾಕಿಯ ನೀರು ಕೆಳಗಿನ ನಲ್ಲಿಗೆ ಬರುತ್ತಿಲ್ಲ, ನಡುವೆ ಎಲ್ಲೋ ಪೈಪು ಕಟ್ಟಿದೆ. ನಿಮ್ಮ ಪ್ರಶ್ನೆಯ ಹಿಂದೆ ಇರುವ ಚಿತ್ರ ಇದು. ಉಜ್ಜೀವನ ಕೂಟಗಳಲ್ಲಿಯೂ ಇದನ್ನೇ ಹೇಳುತ್ತಾರೆ. ಈ ಚಿತ್ರವೇ ನನಗೆ ಒಪ್ಪಿಗೆಯಿಲ್ಲ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಹೃದಯಕ್ಕೆ ‘ಲೇವ್’ ಎನ್ನುತ್ತಾರೆ. ಆ ಜನರಿಗೆ ಲೇವ್ ಎಂದರೆ ಕಣ್ಣೀರು ಬರುವ ಜಾಗವಷ್ಟೇ ಆಗಿರಲಿಲ್ಲ. ಅವರು ಯೋಚಿಸುತ್ತಿದ್ದದ್ದು, ನೆನಪಿಡುತ್ತಿದ್ದದ್ದು, ತೀರ್ಮಾನಕ್ಕೆ ಬರುತ್ತಿದ್ದದ್ದು ಎಲ್ಲವೂ ಅದರಲ್ಲಿಯೇ. ಜ್ಞಾನೋಕ್ತಿ ಮೂರನೆಯ ಅಧ್ಯಾಯದ ಐದನೆಯ ವಚನ ನಿಮಗೆ ಬಾಯಿಪಾಠ ಇರಲೇಬೇಕು. ಮೂಲದಲ್ಲಿ ‘ಪೂರ್ಣ ಲೇವ್‌ನಿಂದ’ ಎಂದಿರುವಲ್ಲಿ ನಮ್ಮ ಕನ್ನಡ ಸತ್ಯವೇದ ‘ಪೂರ್ಣಮನಸ್ಸಿನಿಂದ ಯೆಹೋವನಲ್ಲಿ ಭರವಸವಿಡು’ ಎನ್ನುತ್ತದೆ. ಅನುವಾದ ಮಾಡಿದವರು ಜಾಣರು. ಕನ್ನಡದಲ್ಲಿ ಮನಸ್ಸು ಮರುಗುತ್ತದೆ, ಮನಸ್ಸಿಗೆ ಹೊಳೆಯುತ್ತದೆ, ಮನಸ್ಸನ್ನು ಕೊಡಬಹುದು, ಮುರಿಯಲೂಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮನಸ್ಸು ‘ಮಾಡಬಹುದು’. ‘ಅವನು ಮನಸ್ಸು ಮಾಡಿದ’ ಎಂದರೆ ನಿರ್ಧರಿಸಿದ ಎಂದರ್ಥ. ನಿಮಗೆ ಕಡಿಮೆಯಾಗಿರುವುದು ಮನಸ್ಸು ಕರಗುವುದಲ್ಲ, ಮನಸ್ಸು ಮಾಡುವುದು ಎಂಬುದು ನನ್ನ ಅನುಮಾನ.

ಸುಧಾರಣೆಯ ಕಾಲದ ಪಂಡಿತರು ನಂಬಿಕೆಯಲ್ಲಿ ಮೂರು ಎಳೆಗಳನ್ನು ಗುರುತಿಸಿದರು: ಅರಿವು, ಒಪ್ಪಿಗೆ, ಭರವಸೆ. 1563ರಲ್ಲಿ ಹೊರಬಂದ ಹೈಡೆಲ್ಬರ್ಗ್ ಪ್ರಶ್ನೋತ್ತರ ಮಾಲೆ ‘ನಿಜವಾದ ನಂಬಿಕೆ ಎಂದರೇನು’ ಎಂದು ಕೇಳಿ, ಅದು ಖಚಿತವಾದ ತಿಳಿವಳಿಕೆಯೂ ಹೌದು, ತುಂಬುಮನದ ಭರವಸೆಯೂ ಹೌದು ಎಂದು ಉತ್ತರಿಸುತ್ತದೆ. ಇದನ್ನು ನಾನು ಹುಡುಗರಿಗೆ ಕಿರಾಣಿ ಅಂಗಡಿಯ ಲೆಕ್ಕದಲ್ಲಿ ಕಲಿಸುತ್ತಿದ್ದೆ. ಗಿರಾಕಿ ಯಾರೆಂದು ಅಂಗಡಿಯವನಿಗೆ ಗೊತ್ತು, ಅದು ಅರಿವು. ಮನುಷ್ಯ ಪ್ರಾಮಾಣಿಕ ಎಂದು ನಾಲ್ಕು ಜನರ ಮುಂದೆ ಹೇಳುತ್ತಾನೆ, ಅದು ಒಪ್ಪಿಗೆ. ಅದೇ ಗಿರಾಕಿ ಬಂದು ‘ಎರಡು ಕೇಜಿ ತೊಗರಿಬೇಳೆ ಕೊಡಿ, ಸಂತೆಯ ದಿನ ಹಣ ಕೊಡುತ್ತೇನೆ’ ಎಂದಾಗ ಬೇಳೆ ತೂಗಿ ಕೊಟ್ಟರೆ, ಅದು ಭರವಸೆ. ಉದ್ರಿ ಕೊಡುವ ತನಕ ನಂಬಿಕೆ ಬಾಯಿಮಾತು. ಎದೆಯಲ್ಲಿ ಏನು ಉಕ್ಕುತ್ತಿದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ತಕ್ಕಡಿ ಎತ್ತಿದನೋ ಇಲ್ಲವೋ ಎಂಬುದಷ್ಟೇ ಲೆಕ್ಕ. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯನ್ನು ನೀವು ನೋಡಿರುತ್ತೀರಿ. ನೋಯಿಸಬೇಕೆಂದು ಹೇಳುತ್ತಿಲ್ಲ, ಆದರೆ ಅಂಥದೊಂದು ಹಲಗೆಯನ್ನು ನೀವು ದೇವರ ಎದುರಿಗೆ ತೂಗುಹಾಕಿದ್ದೀರಿ. ‘ಮೊದಲು ಅನಿಸಲಿ, ಆಮೇಲೆ ನೋಡೋಣ’ ಎಂಬುದು ನಗದು ವ್ಯಾಪಾರ.

ಮತ್ತಾಯನ ಎರಡನೆಯ ಅಧ್ಯಾಯವನ್ನು ನೀವು ಪ್ರತಿ ಕ್ರಿಸ್ಮಸ್‌ಗೂ ಮಕ್ಕಳಿಂದ ಆಡಿಸುತ್ತಿರಬೇಕು. ಜೋಯಿಸರಿಗೆ ನೀಲಿ ಜುಬ್ಬಾ, ಹೆರೋದನಿಗೆ ಮೀಸೆ. ಆ ನಾಟಕದಲ್ಲಿ ಶಾಸ್ತ್ರಿಗಳ ಪಾತ್ರ ಯಾರಿಗೂ ಬೇಡ, ಅವರಿಗಿರುವುದು ಒಂದೇ ಮಾತು. ಕ್ರಿಸ್ತನು ಎಲ್ಲಿ ಹುಟ್ಟಬೇಕು ಎಂದು ಹೆರೋದ ಕೇಳುತ್ತಾನೆ, ಅವರು ಕ್ಷಣವೂ ತಡವರಿಸದೆ ಮೀಕನ ಗ್ರಂಥ ತೆಗೆದು ‘ಬೇತ್ಲೆಹೇಮ್’ ಎನ್ನುತ್ತಾರೆ. ಉತ್ತರ ಸರಿ, ನೂರಕ್ಕೆ ನೂರು. ಯೆರೂಸಲೇಮಿನಿಂದ ಬೇತ್ಲೆಹೇಮಿಗೆ ಒಂಬತ್ತು ಕಿಲೋಮೀಟರು, ಹೆಚ್ಚೆಂದರೆ ಹತ್ತು. ನಿಮ್ಮೂರಿನ ಪೇಟೆಯಿಂದ ಸಾಂಬ್ರಾಕ್ಕೆ ಹೋದಷ್ಟು. ಒಬ್ಬ ಶಾಸ್ತ್ರಿಯೂ ಚಪ್ಪಲಿ ಮೆಟ್ಟಲಿಲ್ಲ. ಎಷ್ಟೋ ದೂರದಿಂದ ಅರೆಬರೆ ತಿಳಿದುಕೊಂಡು ಬಂದ ಪರದೇಶದ ಜೋಯಿಸರು ಆ ವಿಳಾಸ ಹಿಡಿದು ನಡೆದರು, ಕಂಡರು. ಶಾಸ್ತ್ರಿಗಳಿಗೆ ತಿಳಿವಳಿಕೆ ಹೆಚ್ಚಾಗಿತ್ತು ಎಂದು ಕಥೆ ಎಲ್ಲೂ ದೂರುವುದಿಲ್ಲ. ಅವರ ತಿಳಿವಳಿಕೆ ಇಲ್ಲದಿದ್ದರೆ ಜೋಯಿಸರಿಗೆ ಊರೇ ಸಿಗುತ್ತಿರಲಿಲ್ಲ. ಆದ್ದರಿಂದ ‘ಓದು ಬಿಡಿ, ತಲೆ ಬಿಡಿ, ಸುಮ್ಮನೆ ನಂಬಿ’ ಎಂದು ನಿಮಗೆ ಯಾರಾದರೂ ಹೇಳಿದರೆ ನಯವಾಗಿ ಕೈಮುಗಿದು ಎದ್ದು ಬನ್ನಿ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ಗುಳೇದಗುಡ್ಡಕ್ಕೆ ಬಂದಾಗಲೂ ಇದು ನೇಕಾರರ ಊರೇ, ಈಗಲೂ ಖಣಕ್ಕೆ ಹೆಸರಾದ ಊರು. ದೇವಶಾಸ್ತ್ರದಲ್ಲಿ ಮೊದಲ ದರ್ಜೆ ಗಿಟ್ಟಿಸಿಕೊಂಡು ಬಂದ ಹೊಸದರಲ್ಲಿ ನಾನು ಇಂಥದೇ ಒಂದು ನೇಕಾರರ ಓಣಿಯಲ್ಲಿ ಸಭೆ ನೋಡಿಕೊಳ್ಳುತ್ತಿದ್ದೆ. ನಮ್ಮ ಸಭೆಯ ಒಂದು ಮನೆಯಲ್ಲಿ ನಾಲ್ಕು ವರ್ಷದ ಮಗು ಜ್ವರದಲ್ಲಿ ಹೋಯಿತು. ಮಣ್ಣು ಮಾಡುವಾಗ ಒಂದನೆಯ ಕೊರಿಂಥದ ಹದಿನೈದನೆಯ ಅಧ್ಯಾಯ ಹಿಡಿದು ಪುನರುತ್ಥಾನದ ಮೇಲೆ ಅರ್ಧ ಗಂಟೆ ಮಾತಾಡಿದೆ. ಎರಡು ಗ್ರೀಕ್ ಪದಗಳನ್ನೂ ಸೇರಿಸಿದ್ದೆ, ಹೇಳಲು ಈಗ ನಾಚಿಕೆಯಾಗುತ್ತದೆ. ಎಲ್ಲ ಮುಗಿದು ಕೈಕಾಲು ತೊಳೆದುಕೊಳ್ಳುವಾಗ ಮಗುವಿನ ಅಜ್ಜಿ ಹತ್ತಿರ ಬಂದಳು. ‘ಅಯ್ಯನವರೇ, ಛಲೋ ಹೇಳಿದಿರಿ. ನಿಮಗೆ ಅದು ಖರೆ ಅನ್ನಿಸುತ್ತದೆಯೇ?’ ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಹೌದು ಎಂದೆ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ‘ಹಾಗಾದರೆ ನಾಳೆಯೂ ಬನ್ನಿ’ ಎಂದಳು.

ಮರುದಿನ ಹೋದೆ. ಹೇಳಲು ಏನೂ ಉಳಿದಿರಲಿಲ್ಲ, ಇದ್ದದ್ದನ್ನೆಲ್ಲ ಹಿಂದಿನ ದಿನವೇ ಸುರಿದುಬಿಟ್ಟಿದ್ದೆ. ಅಜ್ಜಿ ಕಂಡಿಕೆ ಸುತ್ತುತ್ತ ಕುಳಿತಿದ್ದಳು. ಮಗ ಗೋಡೆಗೆ ಒರಗಿದ್ದ. ಕುಣಿಮಗ್ಗದ ಮೇಲೆ ಹಾಸು, ಅಂದರೆ ಉದ್ದದ ಎಳೆಗಳು, ಬಿಗಿದು ನಿಂತಿತ್ತು, ಸಾವಿರಾರು ಎಳೆ, ಒಂದಕ್ಕೊಂದು ಸೋಂಕಿಲ್ಲ. ಬೆಳಕಿಂಡಿಯ ಬಿಸಿಲು ಅದರ ಮೇಲೆ ಬಿದ್ದಾಗ ನೀರಿನ ಹಾಗೆ ಹೊಳೆಯುತ್ತಿತ್ತು, ನೋಡಿದರೆ ಬಟ್ಟೆಯೇ ಎನ್ನಬೇಕು. ಆದರೆ ಹತ್ತಿರ ಹೋಗಿ ಬೆರಳಿಟ್ಟರೆ ಬೆರಳು ಎಳೆಗಳ ನಡುವೆ ಸಲೀಸಾಗಿ ಆಚೆ ಹೋಗುತ್ತದೆ. ಲಾಳಿ ಕುಣಿಯ ಅಂಚಿನಲ್ಲಿ ಬಿದ್ದಿತ್ತು. ‘ಹೀಗೆಯೇ ಬಿಟ್ಟರೆ ಇಲಿ ಕಡಿಯುತ್ತವೆ’ ಎಂದಳು ಅಜ್ಜಿ, ಮಗನಿಗೆ. ಅವನು ಏಳಲಿಲ್ಲ. ಮೂರನೆಯ ದಿನ ಹೋದೆ, ನಾಲ್ಕನೆಯ ದಿನವೂ ಹೋದೆ. ಐದನೆಯದೋ ಆರನೆಯದೋ ದಿನ ಅವನು ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಲಾಳಿ ಎಸೆದ. ಅಳುತ್ತಲೇ ನೇಯ್ದ. ಹಣಿಗೆ ಬಡಿದಾಗಲೆಲ್ಲ ಒಂದು ಕೂದಲೆಳೆಯಷ್ಟು ಬಟ್ಟೆಯಾಗುತ್ತಿತ್ತು.

ಹಾಸುಹೊಕ್ಕು ಎಂಬ ಮಾತನ್ನು ಕನ್ನಡಿಗರೆಲ್ಲ ದಿನವೂ ಆಡುತ್ತೇವೆ. ಅದರ ಅರ್ಧ ಭಾಗ ಮಾತ್ರ ಇದ್ದರೆ ಹೇಗಿರುತ್ತದೆ ಎಂಬುದನ್ನು ನಾನು ಕಂಡಿದ್ದು ಆ ಮನೆಯಲ್ಲಿ. ನನ್ನ ದೇವಶಾಸ್ತ್ರವೆಲ್ಲ ಹಾಸು, ಒಳ್ಳೆಯ ಗಂಜಿ ಕೊಟ್ಟು ಬಿಗಿದ ಹಾಸು. ಅದರೊಳಗೆ ಹೊಕ್ಕು, ಲಾಳಿ ಒಯ್ಯುವ ಅಡ್ಡ ಎಳೆ, ಹಾಯ್ದಿರಲಿಲ್ಲ. ಆ ಓಣಿಯಿಂದ ಮನೆಗೆ ಮರಳುವ ಒಂದು ಸಂಜೆ, ನಾನು ದೇವರ ವಿಷಯ ಯೋಚಿಸುತ್ತಿಲ್ಲ, ದೇವರ ಸಂಗಡ ಜಗಳವಾಡುತ್ತಿದ್ದೇನೆ ಎಂಬುದು ನನ್ನ ಗಮನಕ್ಕೆ ಬಂತು. ‘ಆ ಮಗುವಿಗೆ ಹೀಗೇಕೆ ಮಾಡಿದೆ ನೀನು?’ ಎನ್ನುತ್ತಿದ್ದೆ. ಬೆಂಕಿ ಇಳಿಯಲಿಲ್ಲ, ಬೆಳಕು ಕಾಣಲಿಲ್ಲ. ‘ಆತನು’ ಹೋಗಿ ‘ನೀನು’ ಆಗಿತ್ತು, ಅಷ್ಟೇ.

ಆಮೇಲೆ ಎಷ್ಟೋ ದಿನಕ್ಕೆ ಇಪ್ಪತ್ಮೂರನೆಯ ಕೀರ್ತನೆಯಲ್ಲಿ ಇದೇ ತಿರುವು ಇರುವುದು ಕಣ್ಣಿಗೆ ಬಿತ್ತು. ಮೊದಲ ಮೂರು ವಚನಗಳಲ್ಲಿ ದಾವೀದ ವರದಿ ಒಪ್ಪಿಸುತ್ತಾನೆ: ಯೆಹೋವನು ನನಗೆ ಕುರುಬನು, ಹಸುರುಗಾವಲುಗಳಿಗೆ ಒಯ್ಯುತ್ತಾನೆ, ಹೀಗೆ. ಕಾರ್ಗತ್ತಲಿನ ಕಣಿವೆ ಬಂದೊಡನೆ, ನಾಲ್ಕನೆಯ ವಚನದಲ್ಲಿ, ಮಾತು ಥಟ್ಟನೆ ಮಗ್ಗುಲು ಬದಲಿಸುತ್ತದೆ: ‘ನೀನು ಹತ್ತಿರವಿರುವದರಿಂದ’. ಹಸುರುಗಾವಲಿನಲ್ಲಿ ‘ಆತನು’, ಕತ್ತಲಲ್ಲಿ ‘ನೀನು’. ನಿಮ್ಮ ಮನೆಯವರು ಹೇಳಿದ ವರದಿಗೂ ಪ್ರಾರ್ಥನೆಗೂ ಇರುವ ದೂರ ಇದೇ. ನಿಮ್ಮ ಕಣಿವೆ ಎಲ್ಲಿದೆ ಎಂದು ಪತ್ರದಲ್ಲಿ ಹುಡುಕಿದೆ. ಸಿಕ್ಕಿತು. ಅದನ್ನು ಹೇಳುವ ಮೊದಲು ಕಣ್ಣೀರಿನ ಲೆಕ್ಕ ತೀರಿಸಿಬಿಡುತ್ತೇನೆ.

ನೀವು ಮೆಥೊಡಿಸ್ಟರು. 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ಆರಂಭಿಸಿದ ಕೆಲಸ 1904ರಲ್ಲಿ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. ನಿಮ್ಮ ಸಭೆಗಳ ಮೂಲ ಅಲ್ಲಿದೆ. ಹಾಗಾಗಿ ನಿಮ್ಮ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಹೃದಯ ಬೆಚ್ಚಗಾದ ಕಥೆಯನ್ನು ನೀವು ನೂರು ಸಲ ಕೇಳಿರುತ್ತೀರಿ. ನೂರು ಸಲವೂ ಅರ್ಧಕ್ಕೇ ನಿಲ್ಲಿಸಿರುತ್ತಾರೆ. ಪೂರ್ತಿ ಕಥೆ ಹೀಗಿದೆ. ಆಕ್ಸ್‌ಫರ್ಡಿನಲ್ಲಿ ಕಲಿಸಿದ ಪಂಡಿತ, 1728ರಲ್ಲೇ ಪಾದ್ರಿ ದೀಕ್ಷೆ ಪಡೆದವನು, ಬೇರೆಯವರನ್ನು ಕ್ರಿಸ್ತನ ಕಡೆಗೆ ತಿರುಗಿಸಲೆಂದು ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದ. 1736ರ ಜನವರಿಯಲ್ಲಿ ನಡುಗಡಲಿನಲ್ಲಿ ಬಿರುಗಾಳಿ ಎದ್ದು ದೊಡ್ಡ ಹಾಯಿ ಹರಿಯಿತು, ಅಲೆ ಹಡಗಿನ ಮೇಲೆಯೇ ಬಂತು. ಇಂಗ್ಲಿಷರು ಕಿರುಚಾಡುತ್ತಿದ್ದರೆ ಮೊರಾವಿಯನ್ ಸಭೆಯ ಜರ್ಮನರು ಹಾಡುತ್ತಿದ್ದ ಕೀರ್ತನೆಯನ್ನು ನಿಲ್ಲಿಸಲಿಲ್ಲ. ನಿಮ್ಮ ಹೆಂಗಸರು ಮಕ್ಕಳಿಗೂ ಭಯವಾಗಲಿಲ್ಲವೇ ಎಂದು ವೆಸ್ಲಿ ಆಮೇಲೆ ಕೇಳಿದ. ಇಲ್ಲ, ಅವರು ಸಾಯಲು ಹೆದರುವುದಿಲ್ಲ ಎಂದು ಉತ್ತರ ಬಂತು. ತನ್ನಲ್ಲಿ ಏನಿಲ್ಲ ಎಂಬುದು ವೆಸ್ಲಿಗೆ ಗೊತ್ತಾದದ್ದು ಆಗ. ಎರಡು ವರ್ಷದ ಮೇಲೆ ಸೋತು ಲಂಡನ್ನಿಗೆ ಮರಳಿದ. ನಂಬಿಕೆಯಿಲ್ಲದ ನಾನು ಉಪದೇಶವನ್ನು ನಿಲ್ಲಿಸಲೇ ಎಂದು ಪೀಟರ್ ಬೋಲರ್ ಎಂಬ ಮೊರಾವಿಯನ್ನನ್ನು ಕೇಳಿದಾಗ, ನಂಬಿಕೆ ಬರುವ ತನಕ ನಂಬಿಕೆಯನ್ನೇ ಬೋಧಿಸು, ಬಂದ ಮೇಲೆ ಬಂದಿದೆಯೆಂದು ಬೋಧಿಸು ಎಂದನವನು. ಭಾನುವಾರ ಶಾಲೆಯನ್ನು ಬಿಟ್ಟುಬಿಡಲೇ ಎಂಬ ಯೋಚನೆ ನಿಮಗೂ ಬಂದಿದ್ದರೆ, ಬಿಡಬೇಡಿ.

1738ರ ಮೇ 24ರ ಸಂಜೆ ವೆಸ್ಲಿ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಒಲ್ಲದ ಮನಸ್ಸಿನಿಂದ ಹೋದ. ಹಾಗೆಂದು ತಾನೇ ಬರೆದುಕೊಂಡಿದ್ದಾನೆ. ಅಲ್ಲಿ ಯಾರೂ ಅಳುತ್ತಿರಲಿಲ್ಲ, ತಾಳ ಬಡಿಯುತ್ತಿರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಒಬ್ಬರು ಓದುತ್ತಿದ್ದರು. ಮುನ್ನುಡಿ, ಮಾಸ್ತರರೇ! ಎದೆಯನ್ನು ಬೆಚ್ಚಗಾಗಿಸಿದ್ದು ತಲೆಗೆ ಬರೆದ ಗದ್ಯ. ಹಾಸಿಲ್ಲದೆ ಹೊಕ್ಕು ಹಾಯುವುದಿಲ್ಲ. ಮುಂದಿನದು ಯಾರೂ ಹೇಳದ ಭಾಗ. ಎದೆ ಬೆಚ್ಚಗಾದೊಡನೆ ಅವನು ಮಾಡಿದ ಮೊದಲ ಕೆಲಸ ಯಾವುದೆಂದರೆ, ತನಗೆ ವಿಶೇಷವಾಗಿ ಕೇಡು ಮಾಡಿದವರಿಗಾಗಿ ಶಕ್ತಿಮೀರಿ ಪ್ರಾರ್ಥಿಸಿದ್ದು. ಸ್ವಲ್ಪ ಹೊತ್ತಿನಲ್ಲೇ ‘ಇದು ನಂಬಿಕೆಯಾಗಿದ್ದರೆ ಸಂತೋಷ ಎಲ್ಲಿ?’ ಎಂಬ ಸಂಶಯವೂ ಕಾಡಿತು. ಎಂಟು ತಿಂಗಳು ತುಂಬುವ ಮೊದಲೇ, 1739ರ ಜನವರಿಯಲ್ಲಿ, ನಾನು ಈಗಲೂ ಕ್ರೈಸ್ತನಲ್ಲ ಎಂದು ದಿನಚರಿಯಲ್ಲಿ ಬರೆದ. ಬಿಸಿ ಬಂತು, ಹೋಯಿತು, ಮತ್ತೆ ಬಂತು. ಮನುಷ್ಯ ಮಾತ್ರ ಐವತ್ತು ವರ್ಷ ಕುದುರೆಯ ಮೇಲೆ ಊರೂರು ಸುತ್ತುವುದನ್ನು ಬಿಡಲಿಲ್ಲ.

ನಿಮ್ಮ ವಿಜ್ಞಾನದ ಪಾಠದಲ್ಲಿ ಒತ್ತಡದ ಏಕಮಾನವಾಗಿ ಬರುವ ಪಾಸ್ಕಲ್‌ಗೆ ಇದಕ್ಕಿಂತ ದೊಡ್ಡದೇ ಆಯಿತು. 1654ರ ನವೆಂಬರ್ 23ರ ರಾತ್ರಿ, ಹತ್ತೂವರೆಯಿಂದ ಹನ್ನೆರಡೂವರೆಯ ತನಕ. ‘ಬೆಂಕಿ’ ಎಂದು ಒಂದೇ ಪದ ಬರೆದು, ಅದರ ಕೆಳಗೆ ಅಬ್ರಹಾಮನ ದೇವರು, ಪಂಡಿತರ ದೇವರಲ್ಲ ಎಂದು ಬರೆದುಕೊಂಡ. ಆ ಕಾಗದವನ್ನು ಕೋಟಿನ ಅಸ್ತರಿನೊಳಗೆ ಹೊಲಿದಿಟ್ಟುಕೊಂಡಿದ್ದ. ಎಂಟು ವರ್ಷದ ಬಳಿಕ ಸತ್ತಾಗ ಆಳೊಬ್ಬನ ಕೈಗೆ ಸಿಕ್ಕಿತು. ಇನ್ನೊಂದು ಕಡೆ ಮದರ್ ತೆರೇಸಾ: 2007ರಲ್ಲಿ ಅವರ ಕಾಗದಗಳು ಅಚ್ಚಾದಾಗ ಲೋಕಕ್ಕೆ ತಿಳಿಯಿತು, ಸುಮಾರು ಐವತ್ತು ವರ್ಷ ಅವರಿಗೆ ಒಳಗೆ ಬರೀ ಕತ್ತಲೆ. ಇಬ್ಬರಲ್ಲಿ ಯಾರ ನಂಬಿಕೆ ದೊಡ್ಡದು ಎಂದು ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ. ಬಿಸಿ ಕೆಲವರಿಗೆ ಸಿಗುತ್ತದೆ. ನಿಮಗೆ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ, ಮಾತು ಕೊಡುವ ಬೋಧಕರ ಬಗ್ಗೆ ನನಗೆ ಸಿಟ್ಟಿದೆ. ಅಂಥವರ ಕೂಟದಲ್ಲಿ ಅಳು ಬಾರದವನು ಅಳುವವನ ಹಾಗೆ ನಟಿಸಲು ಕಲಿಯುತ್ತಾನೆ. ಫ್ಯಾನು ಎಣಿಸುವುದೇ ವಾಸಿ.

ಈಗ ನಿಮ್ಮ ಪತ್ರಕ್ಕೆ ಬರೋಣ. ಪತ್ರ ಅಚ್ಚುಕಟ್ಟಾಗಿದೆ, ಪ್ರಯೋಗಶಾಲೆಯ ದಾಖಲೆ ಪುಸ್ತಕದ ಹಾಗೆ. ಅದರಲ್ಲಿ ಒಂದೇ ಒಂದು ವಾಕ್ಯ ಬಿಸಿಯಾಗಿತ್ತು, ಅದರ ಮೇಲೆ ನೀವು ಒದ್ದೆ ಗೋಣಿಚೀಲ ಎಸೆದಿದ್ದೀರಿ: ‘ಅದು ಬೇರೆ ವಿಷಯ’. ಒಳಗೆ ಏನೂ ಆಗುವುದಿಲ್ಲ ಎನ್ನುವ ಮನುಷ್ಯನಿಗೆ ಅಣ್ಣನ ಹೆಸರು ಕೇಳಿದರೆ ಏನಾಗುತ್ತದೆ? ಅಣ್ಣನ ಗಾಡಿ ಕಂಡರೆ ಓಣಿ ಬದಲಿಸುತ್ತೀರೋ ಇಲ್ಲವೋ? ಎದೆ ಸತ್ತಿಲ್ಲ. ಪೂರ್ತಿ ಎಚ್ಚರವಾಗಿಯೇ ಇದೆ, ಆ ಪಾಲಿನ ಮನೆಯಲ್ಲಿ ಬೀಗ ಹಾಕಿಕೊಂಡು ಕುಳಿತಿದೆ. ಹಜಾರದಲ್ಲಿ ನಿಂತು ಅದನ್ನು ಪ್ರಾರ್ಥನೆಗೆ ಕರೆದರೆ ಬರುವುದಾದರೂ ಹೇಗೆ?

ಮತ್ತಾಯ ಐದನೆಯ ಅಧ್ಯಾಯದ 23ನೆಯ ವಚನವನ್ನು ಮಕ್ಕಳಿಗೆ ಎಷ್ಟು ಸಲ ಕಲಿಸಿದ್ದೀರೋ. ಯಜ್ಞವೇದಿಯ ಬಳಿಗೆ ಕಾಣಿಕೆ ತಂದಾಗ ನೆನಪಾದರೆ, ಅದನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಸಹೋದರನ ಸಂಗಡ ಒಂದಾಗು. ಸೂಕ್ಷ್ಮವಾಗಿ ನೋಡಿ, ‘ಸಹೋದರನ ಮೇಲೆ ನಿನಗೆ ಸಿಟ್ಟಿದ್ದರೆ’ ಎಂದಿಲ್ಲ, ನಿನ್ನ ಮೇಲೆ ಸಹೋದರನಿಗೆ ಏನಾದರೂ ಇದ್ದರೆ ಎಂದಿದೆ. ತಪ್ಪು ಯಾರದು ಎಂಬ ವಿಚಾರಣೆಗೆ ಅಲ್ಲಿ ಜಾಗವೇ ಇಲ್ಲ. ಇದರ ಅರ್ಥ ಪಾಲು ಬಿಟ್ಟುಕೊಡಿ ಎಂದಲ್ಲ. ಲೂಕ ಹನ್ನೆರಡರಲ್ಲಿ ಒಬ್ಬ ಬಂದು ‘ಆಸ್ತಿ ಪಾಲು ಮಾಡಿಕೊಡುವಂತೆ ನನ್ನ ಅಣ್ಣನಿಗೆ ಹೇಳು’ ಎಂದು ಕೇಳಿದಾಗ ಯೇಸುಸ್ವಾಮಿಯೇ, ನನ್ನನ್ನು ನಿಮಗೆ ನ್ಯಾಯಾಧಿಪತಿಯಾಗಿ ಇಟ್ಟವರು ಯಾರು ಎಂದು ಜಾರಿಕೊಂಡನು. ಆತನು ಒಲ್ಲೆನೆಂದ ತಹಸೀಲ್ದಾರಿಕೆ ನನಗೆ ಬೇಡ. ಉತಾರ, ವಕೀಲರು, ಕಾಗದಪತ್ರ ತಮ್ಮ ದಾರಿಯಲ್ಲಿ ನಡೆಯಲಿ. ಅಣ್ಣನ ಮನೆಯ ಮೆಟ್ಟಿಲು ಹತ್ತುವುದು ಬೇರೆ ಕೆಲಸ, ಅದು ನಿಮ್ಮದು.

ಇಲ್ಲಿ ನಿಮ್ಮ ತರ್ಕಬುದ್ಧಿ ಎರಡು ಆಕ್ಷೇಪ ಎತ್ತುತ್ತದೆ, ನಾನೇ ಎತ್ತಿಬಿಡುತ್ತೇನೆ. ಒಂದು: ಒಳಗೆ ಪ್ರೀತಿಯಿಲ್ಲದೆ ಹೋದರೆ ಕಪಟವಲ್ಲವೇ? ಅಲ್ಲ. ಇಲ್ಲದ್ದನ್ನು ಇದೆ ಎಂದು ತೋರಿಸಿದರೆ ಕಪಟ. ‘ಅಣ್ಣ, ನನಗೆ ಇನ್ನೂ ಸಿಟ್ಟಿದೆ, ಆದರೂ ಬಂದಿದ್ದೇನೆ’ ಎನ್ನುವುದರಲ್ಲಿ ಯಾವ ಕಪಟ? ಯೋಹಾನ ಏಳನೆಯ ಅಧ್ಯಾಯದ ಹದಿನೇಳನೆಯ ವಚನದ ಸಾರವೂ ಇದೇ: ದೇವರ ಚಿತ್ತದಂತೆ ನಡೆಯಲು ಮನಸ್ಸು ಮಾಡಿದವನಿಗೆ ಈ ಬೋಧನೆ ದೇವರದೋ ಅಲ್ಲವೋ ಎಂದು ತಿಳಿಯುತ್ತದೆ. ಪ್ರಯೋಗ ಮಾಡದೆ ಫಲಿತಾಂಶ ಬರೆಯುವ ಹುಡುಗನಿಗೆ ನೀವು ಅಂಕ ಕೊಡುತ್ತೀರಾ? ಎರಡು: ಕ್ರಿಯೆಯಿಂದ ರಕ್ಷಣೆ ಎನ್ನುತ್ತಿದ್ದೀರಾ, ಅಯ್ಯನವರೇ? ಇಲ್ಲ. ಅಣ್ಣನ ಮನೆಗೆ ಹೋದಿರೆಂದು ದೇವರ ಪ್ರೀತಿ ನಿಮ್ಮ ಮೇಲೆ ಕಾಲು ಕೇಜಿಯೂ ಹೆಚ್ಚಾಗುವುದಿಲ್ಲ. ಹೆಚ್ಚಾಗಲು ಬಾಕಿಯೇ ಇಲ್ಲ ಎಂಬುದನ್ನು ಒಂಬತ್ತು ವರ್ಷದಿಂದ ನೀವೇ ಕಲಿಸುತ್ತಿದ್ದೀರಿ. ಅದನ್ನು ನೆಚ್ಚಿ, ಒಂದು ಸಲ ನಿಮ್ಮ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನೋಡಿ ಎನ್ನುತ್ತಿದ್ದೇನೆ. ಅಣ್ಣ ಬಾಗಿಲು ಹಾಕಿಕೊಂಡರೆ ನಿಮ್ಮ ಮರ್ಯಾದೆ ಹೋಗುತ್ತದೆ. ಆಗ ಹಿಡಿದುಕೊಳ್ಳಲು, ನೀವೂ ದೇವರ ಮಗನೇ ಎಂಬ, ನೀವೇ ಕಲಿಸಿದ ಆ ಪಾಠವೊಂದೇ ಉಳಿಯುತ್ತದೆ. ಅದು ನಿಮ್ಮನ್ನು ತಡೆದುಕೊಳ್ಳುತ್ತದೋ ಇಲ್ಲವೋ ಎಂಬುದು ಆವತ್ತಿಗೆ ಗೊತ್ತಾಗುತ್ತದೆ, ಅದಕ್ಕೂ ಮೊದಲು ಅಲ್ಲ.

ಬಸವಣ್ಣನ ಬಾಗೇವಾಡಿ, ಕೂಡಲಸಂಗಮಗಳ ಈ ಸೀಮೆಯಲ್ಲಿ ನುಡಿ ನಡೆಯಾಗಬೇಕು ಎಂಬುದನ್ನು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ಸತ್ಯವೇದಕ್ಕೂ ಈ ಮಣ್ಣಿನ ವಾಸನೆ ಹತ್ತಿದೆ. ಮೂವತ್ತನಾಲ್ಕನೆಯ ಕೀರ್ತನೆಯಲ್ಲಿ ಹೀಬ್ರೂ ‘ರುಚಿ ನೋಡಿರಿ, ಕಾಣಿರಿ’ ಎಂದಷ್ಟೇ ಹೇಳಿದರೆ, ಕನ್ನಡದಲ್ಲಿ ‘ಅನುಭವ ಸವಿದು ನೋಡಿರಿ’ ಎಂದಿದೆ. ಅನುಭವ ಎಂಬ ಪದ ಮೂಲದಲ್ಲಿಲ್ಲ, ಕನ್ನಡ ಸೇರಿಸಿದ್ದು. ನಾನಂತೂ ಅದನ್ನು ತೆಗೆಯಲು ಬಿಡುವುದಿಲ್ಲ.

ಪ್ರಾರ್ಥನೆಯ ಬಗ್ಗೆ ಎರಡು ಮಾತು. ನೀವು ಯಾವ ಕನ್ನಡದಲ್ಲಿ ಪ್ರಾರ್ಥಿಸುತ್ತೀರಿ? ‘ಪರಲೋಕದಲ್ಲಿರುವ ಕರುಣಾಳುವಾದ ತಂದೆಯೇ, ಈ ಸಂಜೆಯ ವೇಳೆಯಲ್ಲಿ ನಿನ್ನ ಸಾನ್ನಿಧ್ಯಕ್ಕೆ’ ಎಂದು ಶುರುವಾಗುತ್ತಿದ್ದರೆ, ಅದು ಪುಲ್ಪಿಟ್ಟಿನ ಕನ್ನಡ, ಸಭೆಗೆ ಬೇಕು. ಒಬ್ಬರೇ ಇದ್ದಾಗ ತಂದೆಯವರ ಸಂಗಡ ಮಾತಾಡುತ್ತಿದ್ದ ಬೆಳಗಾವಿಯ ಕನ್ನಡದಲ್ಲಿ ಮಾತಾಡಿ, ನಡುವೆ ಮರಾಠಿ ಬಂದರೆ ಬರಲಿ. ಒಂದೇ ನಿಮಿಷ ಸಾಕು. ಹೇಳಲು ಸಿಟ್ಟು ಮಾತ್ರ ಇದ್ದರೆ ಎಂಬತ್ತೆಂಟನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನವನ್ನೂ ಅಂಟಿಸಿಲ್ಲ. ಅದನ್ನೂ ಪ್ರಾರ್ಥನೆ ಎಂದೇ ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡಿದ್ದಾರೆ. ಮಗನ ಕಾಯಿಲೆಗೆ ಕಂಗೆಟ್ಟ ಒಬ್ಬ ತಂದೆ ಮಾರ್ಕ ಒಂಬತ್ತರಲ್ಲಿ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗುತ್ತಾನೆ. ಮೊದಲು ಅಪನಂಬಿಕೆಯನ್ನು ಸರಿಪಡಿಸಿಕೊಂಡು ಬಾ ಎಂದು ಯೇಸು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಹುಡುಗ ವಾಸಿಯಾದ.

ಮಕ್ಕಳಿಗೂ ಒಮ್ಮೆಯಾದರೂ ‘ಇದು ನನಗೂ ಗೊತ್ತಿಲ್ಲ’ ಎಂದು ಹೇಳಿ. ಮುಂದಿನ ತಲೆಮಾರಿನ ರಸಪ್ರಶ್ನೆ ವೀರರಿಗೆ ಅದರಿಂದ ಉಪಕಾರವಾಗುತ್ತದೆ.

ಇನ್ನು ಅಣ್ಣನ ಮನೆ. ಹೋಗುವಾಗ ಸತ್ಯವೇದವನ್ನು ಒಯ್ಯಬೇಡಿ, ಕೈಯಲ್ಲಿದ್ದರೆ ನೀವು ಅದರಿಂದ ಏನನ್ನಾದರೂ ಓದಿಬಿಡುತ್ತೀರಿ. ಅರ್ಧ ಕೇಜಿ ಕುಂದಾ ಕಟ್ಟಿಸಿಕೊಂಡು ಹೋಗಿ, ತಂದೆಯವರು ಇದ್ದಾಗ ಹಬ್ಬಕ್ಕೆ ಯಾವ ಅಂಗಡಿಯಿಂದ ತರುತ್ತಿದ್ದರೋ ಅಲ್ಲಿಂದಲೇ. ಮನೆಯ ಮಾತು ಎತ್ತಬೇಡಿ. ತಂದೆಯವರ ಮಾತು ಎತ್ತಿ. ಅಣ್ಣ ಬಾಗಿಲು ತೆಗೆಯದಿದ್ದರೆ ಪೊಟ್ಟಣವನ್ನು ಹೊಸ್ತಿಲ ಬಳಿ ಇಟ್ಟು ಬನ್ನಿ. ಮುಂದಿನ ವಾರ ಮತ್ತೆ ಹೋಗಿ. ಅಜ್ಜಿ ನನಗೆ ಹೇಳಿದ್ದೂ ಅಷ್ಟೇ.